300ರ ನಿಯಮ ಎಲ್ಲಿಯವರೆಗೆ ನಿಜ? ಡಿಜಿಟಲ್ ಫೋಟೋದ ರೆಸಲ್ಯೂಶನ್ ಮತ್ತು ಮುದ್ರಣದ ಗಾತ್ರ

ಫೋಟೋ ಅಚ್ಚು ಹಾಕಿಸಲು ಎಲ್ಲಿಗೆ ಹೋದರೂ ಮೊದಲು ಕೇಳುವ ಸಂಖ್ಯೆ 300. ಪುಸ್ತಕದ ಮುಖಪುಟವಿರಲಿ, ಮದುವೆಯ ಆಮಂತ್ರಣವಿರಲಿ, ಪತ್ರಿಕೆಗೆ ಕಳಿಸುವ ಚಿತ್ರವಿರಲಿ, ‘300 ಡಿಪಿಐ ಇದ್ದರೆ ಮಾತ್ರ ಕಳಿಸಿ’ ಎಂಬ ಮಾತು ತಪ್ಪುವುದಿಲ್ಲ. ಆದರೆ ಅದೇ ಊರಿನ ವೃತ್ತದಲ್ಲಿ ನಿಂತ ಇಪ್ಪತ್ತಡಿ ಅಗಲದ ಫ್ಲೆಕ್ಸ್‌ನಲ್ಲಿ ಇಂಚಿಗೆ ಮೂವತ್ತು ಪಿಕ್ಸೆಲ್ ಕೂಡ ಇರುವುದಿಲ್ಲ. ಆದರೂ ರಸ್ತೆಯಲ್ಲಿ ಹೋಗುವವರಿಗೆ ಮುಖಗಳು ಸ್ಪಷ್ಟವಾಗಿಯೇ ಕಾಣುತ್ತವೆ. 200 ಮೆಗಾಪಿಕ್ಸೆಲ್ ಎಂದು ಸಾರುವ ಮೊಬೈಲಿನಿಂದ ತೆಗೆದ ಚಿತ್ರ, ದೊಡ್ಡದಾಗಿ ಮುದ್ರಿಸಿದಾಗ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರಕ್ಕಿಂತ ಮಂಕಾಗಿ ಕಾಣುವುದೂ ಉಂಟು.

ಹಾಗಾದರೆ ಒಂದು ಡಿಜಿಟಲ್ ಫೋಟೋವನ್ನು ಎಷ್ಟು ದೊಡ್ಡದಾಗಿ ಮುದ್ರಿಸಬಹುದು? ಈ ಪ್ರಶ್ನೆಗೆ ಅಚ್ಚುಕೂಟದವರು ಒಂದು ಉತ್ತರ ಕೊಡುತ್ತಾರೆ, ದೃಷ್ಟಿವಿಜ್ಞಾನಿಗಳು ಇನ್ನೊಂದು, ಲೆನ್ಸ್ ಬಲ್ಲವರು ಮತ್ತೊಂದು. ಈಚೆಗೆ ಕೃತಕ ಬುದ್ಧಿಮತ್ತೆಯವರೂ ಚರ್ಚೆಗೆ ಬಂದು ಸೇರಿದ್ದಾರೆ. ನಾಲ್ಕೂ ಉತ್ತರಗಳಲ್ಲಿ ಸತ್ಯವಿದೆ, ನಾಲ್ಕಕ್ಕೂ ಒಂದೊಂದು ಎಲ್ಲೆಯಿದೆ.

ಪಿಕ್ಸೆಲ್ ಕಡತದ್ದು, ಇಂಚು ಕಾಗದದ್ದು

ಮೊದಲು ಎಲ್ಲರೂ ಒಪ್ಪುವ ಲೆಕ್ಕವನ್ನು ನೋಡೋಣ. ಡಿಜಿಟಲ್ ಫೋಟೋಗೆ ಇಂಚಿನ ಅಳತೆಯೇ ಇಲ್ಲ. ಅಡ್ಡ ಸಾಲಿನಲ್ಲಿ ಎಷ್ಟು ಪಿಕ್ಸೆಲ್, ಉದ್ದ ಸಾಲಿನಲ್ಲಿ ಎಷ್ಟು ಪಿಕ್ಸೆಲ್ ಎನ್ನುವುದಷ್ಟೇ ಅದರಲ್ಲಿರುವುದು. 4000 × 3000 ಪಿಕ್ಸೆಲ್‌ಗಳ ಚಿತ್ರದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳಿವೆ, ಅಂದರೆ ಅದು 12 ಮೆಗಾಪಿಕ್ಸೆಲ್. ಇದನ್ನು ಕಾಗದದ ಮೇಲೆ ಇಂಚಿಗೆ 300ರಂತೆ ಹರಡಿದರೆ 13.3 × 10 ಇಂಚಿನ ಪ್ರಿಂಟ್ ಬರುತ್ತದೆ. 200ರಂತೆ ಹರಡಿದರೆ 20 × 15 ಇಂಚು, 100ರಂತೆ ಹರಡಿದರೆ 40 × 30 ಇಂಚು. ಕಡತ ಮೂರು ಸಲವೂ ಒಂದೇ.

ಕಂಪ್ಯೂಟರಿನಲ್ಲಿ ಕಡತದ ವಿವರ ತೆರೆದಾಗ ಕಾಣುವ ‘72 ಡಿಪಿಐ’ ಅಥವಾ ‘300 ಡಿಪಿಐ’ ಎಂಬುದು ಒಂದು ಟಿಪ್ಪಣಿ ಮಾತ್ರ. ಫೋಟೋಶಾಪ್‌ನ ಇಮೇಜ್ ಸೈಜ್ ಕಿಟಕಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅಲ್ಲಿ ‘ರೀಸ್ಯಾಂಪಲ್’ ಎಂಬ ಆಯ್ಕೆಯ ಗುರುತನ್ನು ತೆಗೆದು 72ರ ಜಾಗದಲ್ಲಿ 300 ಎಂದು ಬರೆಯಿರಿ. ಇಂಚುಗಳು ಕುಗ್ಗುತ್ತವೆ, ಪಿಕ್ಸೆಲ್‌ಗಳ ಎಣಿಕೆ ಅಲುಗುವುದಿಲ್ಲ, ಚಿತ್ರದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಆಗುವುದಿಲ್ಲ. ಗುರುತು ಹಾಕಿ 300 ಎಂದು ಬರೆದರೆ ತಂತ್ರಾಂಶ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ಹಿಡಿದು ಹೊಸ ಪಿಕ್ಸೆಲ್‌ಗಳನ್ನು ತುಂಬುತ್ತದೆ. ಕಡತ ಭಾರವಾಗುತ್ತದೆಯೇ ಹೊರತು ಹೊಸ ವಿವರ ಹುಟ್ಟುವುದಿಲ್ಲ. ‘300 ಡಿಪಿಐ ಮಾಡಿ ಕಳಿಸಿ’ ಎಂದಾಗ ಹಲವರು ಮಾಡುವುದು ಇದನ್ನೇ. ಕೇಳಿದವರಿಗೂ ಸಮಾಧಾನ, ಕಳಿಸಿದವರಿಗೂ ಸಮಾಧಾನ. ಅಚ್ಚಾದ ಚಿತ್ರ ಮಾತ್ರ ಮಸುಕು.

ಇನ್ನೆರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳಬೇಕು. ಇಂಚಿಗೆ ಎಷ್ಟು ಪಿಕ್ಸೆಲ್ ಎನ್ನುವುದು ಪಿಪಿಐ, ಮುದ್ರಕ ಇಂಚಿಗೆ ಎಷ್ಟು ಶಾಯಿಯ ಚುಕ್ಕೆ ಇಡುತ್ತದೆ ಎನ್ನುವುದು ಡಿಪಿಐ. 1440 ಅಥವಾ 2880 ಡಿಪಿಐ ಇಂಕ್‌ಜೆಟ್ ಮುದ್ರಕ ಒಂದು ಪಿಕ್ಸೆಲ್‌ನ ಬಣ್ಣ ಮೂಡಿಸಲು ಹಲವು ಚುಕ್ಕೆಗಳನ್ನು ಬಳಸುತ್ತದೆ. ಹಾಗಾಗಿ ಆ ದೊಡ್ಡ ಸಂಖ್ಯೆಗೆ ಸರಿಯಾಗಿ ಫೋಟೋದಲ್ಲಿ ಪಿಕ್ಸೆಲ್ ಬೇಕಿಲ್ಲ. ಎರಡನೆಯದು ಚದರದ ಲೆಕ್ಕ. ಪ್ರಿಂಟಿನ ಉದ್ದ–ಅಗಲಗಳನ್ನು ಎರಡು ಪಟ್ಟು ಮಾಡಬೇಕಾದರೆ ನಾಲ್ಕು ಪಟ್ಟು ಪಿಕ್ಸೆಲ್ ಬೇಕು. 12ರಿಂದ 48 ಮೆಗಾಪಿಕ್ಸೆಲ್‌ಗೆ ಏರಿದರೆ ಹತ್ತು ಇಂಚಿನ ಪ್ರಿಂಟ್ ಇಪ್ಪತ್ತು ಇಂಚಾಗುತ್ತದೆ, ಅಷ್ಟೇ.

ಚುಕ್ಕೆಗಳ ಚರಿತ್ರೆ

ಚಿತ್ರವನ್ನು ಚುಕ್ಕೆಗಳಾಗಿ ಒಡೆಯುವ ಕೆಲಸ ಕಂಪ್ಯೂಟರಿಗಿಂತ ಬಹಳ ಹಳೆಯದು. ಅಚ್ಚಿನ ಯಂತ್ರಕ್ಕೆ ಗೊತ್ತಿರುವುದು ಶಾಯಿ ಹಚ್ಚುವುದು ಅಥವಾ ಹಚ್ಚದಿರುವುದು. ನಡುವಿನ ಬೂದು ಬಣ್ಣವನ್ನು ಅದು ಮೂಡಿಸಲಾರದು. ಚುಕ್ಕೆಗಳನ್ನು ದಪ್ಪ–ಸಣ್ಣ ಮಾಡಿ ಕಣ್ಣಿಗೆ ಬೂದು ಬಣ್ಣದ ಭ್ರಮೆ ಹುಟ್ಟಿಸುವ ಹಾಫ್‌ಟೋನ್ ವಿಧಾನ ಇದಕ್ಕೆ ಪರಿಹಾರವಾಯಿತು. 1880ರ ಮಾರ್ಚ್ 4ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಬಡವರ ಕೇರಿಯೊಂದರ ಫೋಟೋವನ್ನು ಹೀಗೆ ಮುದ್ರಿಸಿತು. ಮುಂದೆ ಇದೇ ವಿಧಾನ ಜಗತ್ತಿನೆಲ್ಲೆಡೆ ಹಬ್ಬಿತು. ನಮ್ಮ ಪತ್ರಿಕೆಗಳು ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಚಿತ್ರಕ್ಕೆ ‘ಬ್ಲಾಕ್’ ಮಾಡಿಸುತ್ತಿದ್ದುದೂ ಇದರ ಮೇಲೆಯೇ ನಿಂತಿತ್ತು.

ಚಿತ್ರ ಸಂಖ್ಯೆಗಳಾಗಿ ಬದಲಾದದ್ದು 1957ರಲ್ಲಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ತಮ್ಮ ಹಸುಗೂಸಿನ ಫೋಟೋವನ್ನು 176 × 176 ಪಿಕ್ಸೆಲ್‌ಗಳಾಗಿ ಸ್ಕ್ಯಾನ್ ಮಾಡಿದರು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಸಂವೇದಕವನ್ನು ರೂಪಿಸಿದರು; 2009ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅವರಿಬ್ಬರೂ ಪಾಲು ಪಡೆದರು. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿದ್ದದ್ದು 100 × 100 ಪಿಕ್ಸೆಲ್. ಅದನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಇಂಚಿಗೆ 300ರ ಲೆಕ್ಕದಲ್ಲಿ ಆ ಚಿತ್ರ ಅಂಚೆಚೀಟಿಗಿಂತ ಚಿಕ್ಕದು.

1984ರ ಮೊದಲ ಮ್ಯಾಕಿಂಟಾಷ್‌ನ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್‌ಗಳಿದ್ದವು. ಅದೇ ಕಾಲದಲ್ಲಿ ಬಂದ ಲೇಸರ್ ಮುದ್ರಕಗಳು ಇಂಚಿಗೆ 300 ಚುಕ್ಕೆ ಇಡುತ್ತಿದ್ದವು. ‘ಪರದೆಗೆ 72, ಮುದ್ರಣಕ್ಕೆ 300’ ಎಂಬ ಜೋಡಿಮಾತಿಗೆ ಬಲ ಬಂದದ್ದು ಆಗ. ಆ ಪರದೆಗಳು ಹೋಗಿ ದಶಕಗಳೇ ಕಳೆದವು, ಮಾತು ಮಾತ್ರ ಉಳಿದಿದೆ.

ಮೊದಲ ಪಂಥ: ಅಚ್ಚುಕೂಟದ 300

ಆಫ್‌ಸೆಟ್ ಮುದ್ರಣದವರ 300ಕ್ಕೆ ಗಟ್ಟಿಯಾದ ಕಾರಣವೇ ಇದೆ. ನುಣುಪು ಕಾಗದದ ಮೇಲೆ ಪುಸ್ತಕ, ನಿಯತಕಾಲಿಕಗಳನ್ನು ಮುದ್ರಿಸುವಾಗ ಹಾಫ್‌ಟೋನ್ ಚುಕ್ಕೆಗಳ ಸಾಲು ಸಾಮಾನ್ಯವಾಗಿ ಇಂಚಿಗೆ 150 ಇರುತ್ತದೆ. ಪ್ರತಿ ಸಾಲಿಗೂ ಎರಡು ಪಿಕ್ಸೆಲ್ ಸಿಕ್ಕರೆ ಚುಕ್ಕೆಗಳು ಸರಿಯಾಗಿ ರೂಪುಗೊಳ್ಳುತ್ತವೆ. 150ರ ಎರಡರಷ್ಟು 300, ನಿಯಮ ಇಷ್ಟೇ.

ಇದೇ ತರ್ಕವನ್ನು ಮುಂದುವರಿಸಿದರೆ 300 ಎಲ್ಲ ಕಡೆಗೂ ಸಲ್ಲುವ ಸಂಖ್ಯೆಯಲ್ಲ ಎಂಬುದೂ ತಿಳಿಯುತ್ತದೆ. ಶಾಯಿ ಹೀರಿಕೊಳ್ಳುವ ನ್ಯೂಸ್‌ಪ್ರಿಂಟ್‌ನಲ್ಲಿ ಸಾಲುಗಳು ಇಂಚಿಗೆ 85ರಿಂದ 100, ಹಾಗಾಗಿ ದಿನಪತ್ರಿಕೆಗೆ 170ರಿಂದ 200 ಪಿಪಿಐ ಸಾಕು. ಎರಡರಷ್ಟೂ ಬೇಕಿಲ್ಲ, ಒಂದೂವರೆಯಷ್ಟಿದ್ದರೆ ನಡೆಯುತ್ತದೆ ಎನ್ನುವ ಅನುಭವಿ ಮುದ್ರಕರಿದ್ದಾರೆ. ಸಾಲುಗಳೇ ಇಲ್ಲದೆ ಸೂಕ್ಷ್ಮ ಚುಕ್ಕೆಗಳನ್ನು ಚೆದುರಿಸುವ ಸ್ಟೊಕ್ಯಾಸ್ಟಿಕ್ ಮುದ್ರಣಕ್ಕೆ ಈ ಗುಣಾಕಾರವೇ ಅನ್ವಯಿಸುವುದಿಲ್ಲ.

ಅಕ್ಷರಗಳ ವಿಷಯಕ್ಕೆ ಬಂದರೆ 300 ಕಡಿಮೆಯಾಗುತ್ತದೆ. ಆಮಂತ್ರಣ ಪತ್ರಿಕೆಯ ಒಕ್ಕಣೆಯನ್ನು ಚಿತ್ರದೊಳಗೇ ಸೇರಿಸಿ ಜೆಪೆಗ್ ಮಾಡಿ ಕಳಿಸಿದಾಗ ಮೊದಲು ಹಾಳಾಗುವುದು ಒತ್ತಕ್ಷರ. ‘ಲಕ್ಷ್ಮೀ’ ಎಂಬಲ್ಲಿ ಕೆಳಗೆ ಕೂತ ಮಕಾರದ ಸಣ್ಣ ಸುಳಿ ನಾಲ್ಕಾರು ಪಿಕ್ಸೆಲ್‌ಗಳಲ್ಲಿ ಮುದ್ದೆಯಾಗಿ ಹೋಗುತ್ತದೆ. ಅಂಚು ಹರಿತವಾಗಿರಬೇಕಾದ ರೇಖಾಚಿತ್ರ ಮತ್ತು ಅಕ್ಷರಗಳಿಗೆ ಮುದ್ರಕರು 600ರಿಂದ 1200 ಕೇಳುವುದು ಇದಕ್ಕಾಗಿ. ಅಕ್ಷರವನ್ನು ಅಕ್ಷರವಾಗಿಯೇ ಪಿಡಿಎಫ್‌ನಲ್ಲಿ ಉಳಿಸಿದರೆ ಈ ತೊಂದರೆಯೇ ಇರುವುದಿಲ್ಲ.

ಯಂತ್ರಕ್ಕೆ ಎಷ್ಟು ಬೇಕು ಎನ್ನುವುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಅದು ಕೇಳುವುದಿಲ್ಲ.

ಎರಡನೆಯ ಪಂಥ: ಕಣ್ಣು ಮತ್ತು ದೂರ

ಕಣ್ಣಿನ ವೈದ್ಯರ ಕೋಣೆಯಲ್ಲಿ ಕಾಣುವ ಅಕ್ಷರಪಟವನ್ನು ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದರು. ಸಾಮಾನ್ಯ ದೃಷ್ಟಿಯುಳ್ಳವರು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ವಿವರವನ್ನು ಬಿಡಿಸಿ ನೋಡಬಲ್ಲರು ಎಂಬುದು ಆ ಪಟದ ಆಧಾರ. ಇದರಿಂದ ಒಂದು ಸರಳ ಸೂತ್ರ ಸಿಗುತ್ತದೆ: 3438 ಎಂಬ ಸಂಖ್ಯೆಯನ್ನು ನೋಡುವ ದೂರದಿಂದ (ಇಂಚುಗಳಲ್ಲಿ) ಭಾಗಿಸಿದರೆ ಬೇಕಾದ ಪಿಪಿಐ ಬರುತ್ತದೆ. ಪುಸ್ತಕದಂತೆ ಹತ್ತು ಇಂಚಿನಲ್ಲಿ ಹಿಡಿದ ಚಿತ್ರಕ್ಕೆ 344. ತೊಡೆಯ ಮೇಲಿಟ್ಟು ಇಪ್ಪತ್ತು ಇಂಚಿನಿಂದ ನೋಡುವ ಆಲ್ಬಮ್‌ಗೆ 172. ಆರಡಿ ದೂರದ ಗೋಡೆಯ ಚಿತ್ರಕ್ಕೆ 48. ಮೂವತ್ತಡಿ ದೂರದ ಫ್ಲೆಕ್ಸ್‌ಗೆ ಸುಮಾರು 10. ಅಂದರೆ 20 × 10 ಅಡಿಯ ಫ್ಲೆಕ್ಸ್‌ಗೆ 2400 × 1200 ಪಿಕ್ಸೆಲ್, ಮೂರು ಮೆಗಾಪಿಕ್ಸೆಲ್‌ಗೂ ಕಡಿಮೆ.

ಈ ಆಲೋಚನೆ ಡಿಜಿಟಲ್ ಕಾಲದ್ದಲ್ಲ. ಫಿಲ್ಮ್ ಕ್ಯಾಮೆರಾಗಳ ಫೋಕಸ್ ಲೆಕ್ಕದಲ್ಲಿ 35 ಮಿ.ಮೀ. ಫಿಲ್ಮ್ ಮೇಲೆ 0.03 ಮಿ.ಮೀ. ಮಸುಕನ್ನು ಒಪ್ಪಿಕೊಳ್ಳುತ್ತಿದ್ದರು. ಅದನ್ನು 8 × 12 ಇಂಚಿಗೆ ಹಿಗ್ಗಿಸಿದರೆ ಕಾಲು ಮಿಲಿಮೀಟರ್ ಆಗುತ್ತದೆ. 25 ಸೆಂ.ಮೀ. ದೂರದಿಂದ ಅದು ಕಣ್ಣಿಗೆ ತೊಡಕಾಗದು ಎಂಬುದು ಅಂದಿನ ಒಪ್ಪಂದ.

2010ರಲ್ಲಿ ಸ್ಟೀವ್ ಜಾಬ್ಸ್ 326 ಪಿಪಿಐ ಪರದೆಯ ಐಫೋನ್ 4 ಬಿಡುಗಡೆ ಮಾಡಿ, ಹತ್ತು–ಹನ್ನೆರಡು ಇಂಚು ದೂರದಲ್ಲಿ ಸುಮಾರು 300 ಪಿಪಿಐ ಮೀರಿದರೆ ಕಣ್ಣಿಗೆ ಪಿಕ್ಸೆಲ್ ಕಾಣದು ಎಂದರು. ಪರದೆ ತಜ್ಞ ರೇಮಂಡ್ ಸೊನೀರ ಇದನ್ನು ಒಪ್ಪಲಿಲ್ಲ. ಚುರುಕು ಕಣ್ಣು ಇನ್ನೂ ಸೂಕ್ಷ್ಮವಾದುದನ್ನು ಕಾಣಬಲ್ಲದು, ಹನ್ನೆರಡು ಇಂಚಿಗೆ 477 ಪಿಪಿಐ ಬೇಕು ಎಂದು ಅವರು ವಾದಿಸಿದರು. ಖಗೋಳ ವಿಜ್ಞಾನಿ ಫಿಲ್ ಪ್ಲೇಟ್, ಸಾಮಾನ್ಯ ಕಣ್ಣಿಗೆ ಜಾಬ್ಸ್ ಮಾತು ಸರಿಯೇ ಎಂದರು.

ದೂರದ ಲೆಕ್ಕಕ್ಕೂ ಒಂದು ತೊಡಕಿದೆ. ಜನ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಸೂತ್ರ ನಿರ್ಧರಿಸಲಾರದು. ಭೂದೃಶ್ಯವೊಂದನ್ನು ಜನ ದೂರ ನಿಂತು ಇಡಿಯಾಗಿ ನೋಡುತ್ತಾರೆ. ಶಾಲೆಯ ಗುಂಪು ಫೋಟೋ ಎದುರು ಹಾಗಲ್ಲ. ಹತ್ತಿರ ಹೋಗಿ, ಬೆರಳಿಟ್ಟು, ಮೂರನೇ ಸಾಲಿನಲ್ಲಿ ತಮ್ಮನ್ನು ಹುಡುಕುತ್ತಾರೆ. ಒಂದೇ ಗಾತ್ರದ ಈ ಎರಡು ಪ್ರಿಂಟ್‌ಗಳಿಗೆ ಬೇಕಾಗುವ ಪಿಕ್ಸೆಲ್‌ಗಳು ಬೇರೆ ಬೇರೆ.

ಮೂರನೆಯ ಪಂಥ: ಎಣಿಕೆ ಬೇರೆ, ವಿವರ ಬೇರೆ

ಪಿಕ್ಸೆಲ್‌ಗಳ ಎಣಿಕೆ ಕೇವಲ ಜಾಗದ ಲೆಕ್ಕ, ಆ ಜಾಗದಲ್ಲಿ ಎಷ್ಟು ನಿಜವಾದ ವಿವರ ತುಂಬಿದೆ ಎಂಬುದು ಮುಖ್ಯ ಎನ್ನುವುದು ಈ ಪಂಥದ ವಾದ. ಇದಕ್ಕೆ ಭೌತಶಾಸ್ತ್ರದ ಬೆಂಬಲವಿದೆ. ಬೆಳಕು ಲೆನ್ಸಿನ ಕಿಂಡಿಯಲ್ಲಿ ಹಾದುಬರುವಾಗ ಒಂದು ಬಿಂದುವೂ ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. ಎಫ್/1.8 ಲೆನ್ಸಿನಲ್ಲಿ ಹಸಿರು ಬೆಳಕಿನ ಆ ಬಿಲ್ಲೆಯ ವ್ಯಾಸ ಸುಮಾರು 2.4 ಮೈಕ್ರೋಮೀಟರ್. ಆದರೆ 200 ಮೆಗಾಪಿಕ್ಸೆಲ್ ಮೊಬೈಲ್ ಸಂವೇದಕದ ಒಂದೊಂದು ಪಿಕ್ಸೆಲ್‌ನ ಅಗಲ 0.6 ಮೈಕ್ರೋಮೀಟರ್ ಆಸುಪಾಸು. ಲೆನ್ಸ್ ಎಷ್ಟೇ ಒಳ್ಳೆಯದಾದರೂ ಒಂದು ಬಿಂದು ಹಲವು ಪಿಕ್ಸೆಲ್‌ಗಳ ಮೇಲೆ ಹರಡಿಕೊಳ್ಳುತ್ತದೆ. ಇಂಥ ಮೊಬೈಲ್‌ಗಳು ಹದಿನಾರು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12 ಮೆಗಾಪಿಕ್ಸೆಲ್ ಆಸುಪಾಸಿನ ಚಿತ್ರ ಕೊಡುವುದಕ್ಕೆ ಇದೂ ಒಂದು ಕಾರಣ. ಕಡಿಮೆ ಬೆಳಕಿನಲ್ಲಿ ಕಾಳುಕಾಳಾಗುವುದನ್ನು ತಗ್ಗಿಸುವುದು ಇನ್ನೊಂದು. 2012ರ ನೋಕಿಯಾ 808 ಪ್ಯೂರ್‌ವ್ಯೂ 41 ಮೆಗಾಪಿಕ್ಸೆಲ್ ಸಂವೇದಕದಿಂದ 5 ಮೆಗಾಪಿಕ್ಸೆಲ್‌ನ ಸ್ವಚ್ಛ ಚಿತ್ರ ಕೊಟ್ಟು ಈ ದಾರಿ ತೋರಿಸಿತ್ತು.

ವಿವರ ಕಳೆದುಹೋಗುವ ಇನ್ನೊಂದು ಜಾಗ ಸಂಕೋಚನ. ಜೆಪೆಗ್ ವಿಧಾನ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣು ಗಮನಿಸದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದ ಉದ್ದನೆಯ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ, ಜೊತೆಗೆ ಬಿಗಿಯಾದ ಸಂಕೋಚನವೂ ನಡೆಯುತ್ತದೆ. 1600 × 1200ರ ಆ ಚಿತ್ರವನ್ನು 16 × 12 ಇಂಚಿಗೆ ಹಿಗ್ಗಿಸಿದರೆ 100 ಪಿಪಿಐ. ಮೂರಡಿ ದೂರದಿಂದ ನೋಡಲು ಅದು ಸಾಕೆಂದು ಕಣ್ಣಿನ ಸೂತ್ರ ಹೇಳುತ್ತದೆ. ಪ್ರಿಂಟ್ ಮಾಡಿ ನೋಡಿದರೆ ಕೂದಲು ಬಳಿದಂತೆ, ಸೀರೆಯ ಜರಿ ಕಲಸಿದಂತೆ ಕಾಣುತ್ತದೆ. ಪಿಕ್ಸೆಲ್ ಉಳಿದಿವೆ, ಅವುಗಳೊಳಗಿನ ವಿವರ ಹೋಗಿದೆ. ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದ್ದರೆ ಮೂಲ ಕಡತವೇ ತಲುಪುತ್ತಿತ್ತು.

ಹಳೆಯ ಪ್ರಿಂಟ್‌ಗಳನ್ನು ಸ್ಕ್ಯಾನ್ ಮಾಡುವಾಗಲೂ ಇದೇ ಮಾತು. 35 × 45 ಮಿ.ಮೀ. ಪಾಸ್‌ಪೋರ್ಟ್ ಫೋಟೋವನ್ನು 600 ಪಿಪಿಐಗೆ ಸ್ಕ್ಯಾನ್ ಮಾಡಿದರೆ 827 × 1063 ಪಿಕ್ಸೆಲ್ ಬರುತ್ತದೆ. 2400ಕ್ಕೆ ಏರಿಸಿದರೆ ಎಣಿಕೆ ಹದಿನಾರು ಪಟ್ಟಾಗುತ್ತದೆ, ಆದರೆ ಹೆಚ್ಚಾಗಿ ಸಿಗುವುದು ಕಾಗದದ ನಾರು ಮತ್ತು ಧೂಳು. ನೆಗೆಟಿವ್ ಸಿಕ್ಕರೆ ಮಾತು ಬೇರೆ. 35 ಮಿ.ಮೀ. ನೆಗೆಟಿವ್ ಒಂದನ್ನು 4000 ಪಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 21 ಮೆಗಾಪಿಕ್ಸೆಲ್ ದೊರೆಯುತ್ತದೆ, ಚೆನ್ನಾಗಿ ತೆಗೆದ ನೆಗೆಟಿವ್‌ನಲ್ಲಿ ಅದಕ್ಕೆ ತಕ್ಕ ವಿವರವೂ ಇರುತ್ತದೆ.

ನಾಲ್ಕನೆಯ ಪಂಥ: ಇಲ್ಲದ್ದನ್ನು ತುಂಬುವವರು

ಕಳೆದ ದಶಕದಲ್ಲಿ ಬಂದ ಈ ಪಂಥ, ಇಲ್ಲದ ವಿವರವನ್ನು ಯಂತ್ರಕ್ಕೆ ಕಲಿಸಿ ತುಂಬಿಸಬಹುದು ಎನ್ನುತ್ತದೆ. ಲಕ್ಷಾಂತರ ಸ್ಪಷ್ಟ ಚಿತ್ರಗಳನ್ನೂ ಅವುಗಳ ಮಸುಕು ಪ್ರತಿಗಳನ್ನೂ ನೋಡಿದ ನರಜಾಲ, ಮಸುಕಾದ ರೆಪ್ಪೆ ಕಂಡಾಗ ಸ್ಪಷ್ಟವಾದ ರೆಪ್ಪೆ ಹೇಗಿರಬಹುದೆಂದು ಅಂದಾಜಿಸುತ್ತದೆ. 2021ರಲ್ಲಿ ಅಡೋಬಿ ತನ್ನ ತಂತ್ರಾಂಶಕ್ಕೆ ಸೇರಿಸಿದ ‘ಸೂಪರ್ ರೆಸಲ್ಯೂಶನ್’ ಸೌಲಭ್ಯ ಒಂದೇ ಒತ್ತಿಗೆ ಉದ್ದ–ಅಗಲಗಳನ್ನು ಎರಡು ಪಟ್ಟು, ಪಿಕ್ಸೆಲ್‌ಗಳನ್ನು ನಾಲ್ಕು ಪಟ್ಟು ಮಾಡುತ್ತದೆ. ಎಲೆ, ಕಲ್ಲು, ಹಕ್ಕಿಯ ಗರಿಗಳಲ್ಲಿ ಫಲಿತಾಂಶ ಹಳೆಯ ಸರಾಸರಿ ವಿಧಾನಕ್ಕಿಂತ ಎಷ್ಟೋ ಮೇಲು.

ಇದು ಸುಳ್ಳು ಚಿತ್ರವಲ್ಲವೇ ಎಂಬ ಆಕ್ಷೇಪಕ್ಕೆ ಈ ಪಂಥದವರಲ್ಲಿ ಒಳ್ಳೆಯ ಉತ್ತರವಿದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಸೋಸುಜಾಲವೇ ಇಂದಿನ ಬಹುಪಾಲು ಕ್ಯಾಮೆರಾಗಳಲ್ಲಿದೆ. ಅದರಲ್ಲಿ ಅರ್ಧ ಪಿಕ್ಸೆಲ್‌ಗಳು ಹಸಿರನ್ನು, ಕಾಲು ಭಾಗ ಕೆಂಪನ್ನು, ಕಾಲು ಭಾಗ ನೀಲಿಯನ್ನು ಮಾತ್ರ ಅಳೆಯುತ್ತವೆ. ಉಳಿದೆರಡು ಬಣ್ಣಗಳನ್ನು ಪ್ರತಿ ಪಿಕ್ಸೆಲ್ ನೆರೆಹೊರೆಯಿಂದ ಅಂದಾಜಿಸಿಕೊಳ್ಳುತ್ತದೆ. ಅಂದರೆ ಸಾಮಾನ್ಯ ಬಣ್ಣದ ಫೋಟೋದ ಮೌಲ್ಯಗಳಲ್ಲಿ ಮೂರರಲ್ಲಿ ಎರಡು ಪಾಲು ಮೊದಲಿನಿಂದಲೂ ಅಂದಾಜೇ.

ಆದರೂ ನೆರೆಯ ಪಿಕ್ಸೆಲ್‌ನಿಂದ ಮಾಡಿದ ಅಂದಾಜು ಒಂದು ಬಗೆ, ಬೇರೆ ಯಾರದೋ ಮುಖಗಳಿಂದ ಕಲಿತ ಅಂದಾಜು ಇನ್ನೊಂದು ಬಗೆ. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ‘ಪಲ್ಸ್’ ಎಂಬ ತಂತ್ರಕ್ಕೆ ಬರಾಕ್ ಒಬಾಮ ಅವರ ಮಸುಕು ಚಿತ್ರ ಕೊಟ್ಟಾಗ ಹೊರಬಂದದ್ದು ಬಿಳಿಯ ಗಂಡಸೊಬ್ಬನ ಸ್ಪಷ್ಟ ಮುಖ. ತೀರಿಕೊಂಡ ಅಜ್ಜಿಯ ಮುಖವನ್ನು ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸುವಾಗ ಇದೇ ಅಪಾಯ ನಮ್ಮ ಮನೆಗಳಿಗೂ ಬರುತ್ತದೆ. ಸುಕ್ಕು ಮಾಯವಾಗಿ, ಕಣ್ಣಿನ ಆಕಾರ ಕೊಂಚ ಬದಲಾಗಿ, ಅಜ್ಜಿಯನ್ನು ಹೋಲುವ ಬೇರೊಬ್ಬರು ಚೌಕಟ್ಟಿನಲ್ಲಿ ಕೂರಬಹುದು. ಮೊಮ್ಮಕ್ಕಳಿಗೆ ಉಳಿಯುವುದು ಆ ಮುಖವೇ.

ನಾಲ್ಕನ್ನೂ ಒಂದೇ ಆಲ್ಬಮ್ ಮೇಲಿಟ್ಟರೆ

ಮದುವೆ ಆಲ್ಬಮ್‌ಗಳಲ್ಲಿ ಈಗ 12 × 36 ಇಂಚಿನ ಹಾಳೆ ಸಾಮಾನ್ಯ. ಅಚ್ಚುಕೂಟದ 300ರ ಲೆಕ್ಕದಲ್ಲಿ ಇದಕ್ಕೆ 10800 × 3600, ಸುಮಾರು 39 ಮೆಗಾಪಿಕ್ಸೆಲ್ ಬೇಕು. ಬಹಳಷ್ಟು ಛಾಯಾಗ್ರಾಹಕರ ಕೈಯಲ್ಲಿರುವುದು 6000 × 4000ರ, 24 ಮೆಗಾಪಿಕ್ಸೆಲ್ ಕ್ಯಾಮೆರಾ. ಒಂದೇ ಚಿತ್ರವನ್ನು ಇಡೀ ಹಾಳೆಗೆ ಹರಡಿದರೆ 167 ಪಿಪಿಐ. ಮೊದಲ ಪಂಥದ ಪ್ರಕಾರ ಇದು ಅನುತ್ತೀರ್ಣ. ಎರಡನೆಯ ಪಂಥ ಇಪ್ಪತ್ತು ಇಂಚಿನಲ್ಲಿ 172 ಕೇಳುತ್ತದೆ, ಹಾಗಾಗಿ ಹೆಚ್ಚುಕಡಿಮೆ ಸರಿಹೋಯಿತು. ಫೋಕಸ್ ಕರಾರುವಾಕ್ಕಾಗಿತ್ತೇ, ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ಐಎಸ್‌ಒ ಎಷ್ಟು ಏರಿಸಿದ್ದರು ಎಂದು ಮೂರನೆಯ ಪಂಥ ಕೇಳುತ್ತದೆ. ಎರಡಕ್ಕೂ ಸರಿಯಾದ ಉತ್ತರ ಸಿಕ್ಕರೆ 167 ಸಾಕು, ಸಿಗದಿದ್ದರೆ 300 ಇದ್ದರೂ ಪ್ರಯೋಜನವಿಲ್ಲ. ನಾಲ್ಕನೆಯದು ಬೇಕಾದರೆ ಹಿಗ್ಗಿಸಿ ಕೊಡಬಲ್ಲದು. ಹಿನ್ನೆಲೆಯ ಹೂವಿನ ಅಲಂಕಾರಕ್ಕೆ ಅದು ಸರಿ, ವಧೂವರರ ಮುಖಕ್ಕೆ ಎಚ್ಚರ ಬೇಕು.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಕಣ್ಣಿನ ಮಿತಿ. 2025ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಮೆಟಾ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ ಕಪ್ಪು–ಬಿಳುಪು ವಿವರಕ್ಕೆ ಕಣ್ಣಿನ ಮಿತಿ ಡಿಗ್ರಿಗೆ 94 ಪಿಕ್ಸೆಲ್ ಎಂದು ಬಂದಿದೆ. ಸ್ನೆಲೆನ್ ಲೆಕ್ಕದಲ್ಲಿ ಅದು 60. ಇದನ್ನು ಹಾಗೆಯೇ ಕಾಗದಕ್ಕೆ ಅನ್ವಯಿಸಿದರೆ ಹತ್ತು ಇಂಚಿನಲ್ಲಿ 344ರ ಬದಲು 540ರ ಹತ್ತಿರ ಬೇಕಾದೀತು. ಆದರೆ ಆ ಪ್ರಯೋಗ ನಡೆದದ್ದು ಪರದೆಯ ಮೇಲೆ. ಅಷ್ಟು ವೈದೃಶ್ಯ ಇಲ್ಲದ ಕಾಗದದ ಪ್ರಿಂಟ್‌ಗೆ, ಮನೆಯ ಮಾಮೂಲಿ ಬೆಳಕಿನಲ್ಲಿ, ಈ ಮಿತಿ ಎಷ್ಟಕ್ಕೆ ಇಳಿಯುತ್ತದೆ ಎಂಬುದು ಚರ್ಚೆಯ ವಿಷಯ.

ಎರಡನೆಯದು ‘ನಿಜವಾದ ವಿವರ’ದ ಅಳತೆ. ಲೆನ್ಸ್, ಸಂವೇದಕ, ಸಂಕೋಚನ, ಮುದ್ರಕ ಎಲ್ಲವನ್ನೂ ಸೇರಿಸಿ ಒಂದು ಕಡತ ಎಷ್ಟು ದೊಡ್ಡ ಪ್ರಿಂಟ್ ತಾಳಬಲ್ಲದು ಎಂದು ಹೇಳುವ, ಎಲ್ಲರೂ ಒಪ್ಪಿದ ಒಂದೇ ಸಂಖ್ಯೆ ಇಲ್ಲ. ಅದು ಸಿಗುವವರೆಗೆ ಮಾರಾಟಗಾರರು ಮೆಗಾಪಿಕ್ಸೆಲ್ ಹಿಡಿದೇ ಮಾತಾಡುತ್ತಾರೆ.

ಮೂರನೆಯದು, ಯಂತ್ರ ತುಂಬಿದ ವಿವರಕ್ಕೆ ಏನು ಸ್ಥಾನ ಎಂಬುದು. ಚಿತ್ರದ ತಿದ್ದುಪಡಿಗಳ ದಾಖಲೆಯನ್ನು ಕಡತದೊಳಗೇ ಇಡುವ ಸಿ2ಪಿಎ ಎಂಬ ಮಾನಕ 2021ರಿಂದ ರೂಪುಗೊಳ್ಳುತ್ತಿದೆ. ಆದರೆ ಕಾಗದದ ಮೇಲೆ ಅಚ್ಚಾದ ಕ್ಷಣ ಆ ದಾಖಲೆ ಕಳಚಿಹೋಗುತ್ತದೆ. ಸುದ್ದಿಚಿತ್ರ, ನ್ಯಾಯಾಲಯದ ಸಾಕ್ಷ್ಯ, ಕುಟುಂಬದ ನೆನಪು, ಈ ಮೂರಕ್ಕೂ ಒಂದೇ ನಿಯಮ ಸಾಲದು.

ನಾಲ್ಕನೆಯದು ಸಂಗ್ರಹಗಳದು. ಹಳೆಯ ಪತ್ರಿಕೆ, ಫೋಟೋ, ಹಸ್ತಪ್ರತಿಗಳನ್ನು ಯಾವ ರೆಸಲ್ಯೂಶನ್‌ನಲ್ಲಿ ಉಳಿಸಬೇಕು? ಅಮೆರಿಕದ ರಾಷ್ಟ್ರೀಯ ಪತ್ರಿಕಾ ಡಿಜಿಟಲೀಕರಣ ಯೋಜನೆ 400 ಪಿಪಿಐಗೆ ಆದ್ಯತೆ ಕೊಟ್ಟಿದೆ. ಒತ್ತಕ್ಷರಗಳ ನಮ್ಮ ಲಿಪಿಗೆ, ಅದರಲ್ಲೂ ಸವೆದ ಮೊಳೆಗಳಲ್ಲಿ ಅಚ್ಚಾದ ಪುಟಗಳಿಗೆ, ಎಷ್ಟು ಬೇಕು ಎಂಬುದನ್ನು ನಾವೇ ಪರೀಕ್ಷಿಸಿ ನಿರ್ಧರಿಸಬೇಕು. ಈಗ ಕಡಿಮೆಗೆ ಮುಗಿಸಿದರೆ, ಮೂಲ ಕಾಗದ ಪುಡಿಯಾದ ಮೇಲೆ ಮತ್ತೆ ಸ್ಕ್ಯಾನ್ ಮಾಡುವ ಅವಕಾಶ ಸಿಗದು.

ಈ ಪ್ರಶ್ನೆಗಳು ಇತ್ಯರ್ಥವಾಗುವವರೆಗೆ ಓದುಗರು ಮಾಡಬಹುದಾದದ್ದು ಇಷ್ಟು. 300 ಎಂಬುದನ್ನು ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಸುರಕ್ಷಿತ ಗುರಿ ಎಂದು ಇಟ್ಟುಕೊಳ್ಳಿ, ಎಲ್ಲದಕ್ಕೂ ಸಲ್ಲುವ ಕಾನೂನು ಎಂದುಕೊಳ್ಳಬೇಡಿ. ಚಿತ್ರವನ್ನು ಎಷ್ಟು ದೂರದಿಂದ ನೋಡುತ್ತಾರೆ ಎಂದು ಮೊದಲು ಕೇಳಿಕೊಳ್ಳಿ. ದೊಡ್ಡ ಪ್ರಿಂಟ್ ಹಾಕಿಸುವ ಮುನ್ನ ಮುಖ ಬರುವ ಭಾಗವನ್ನಷ್ಟೇ ಅದೇ ಅಳತೆಯಲ್ಲಿ ಒಂದು ಸಣ್ಣ ತುಂಡಾಗಿ ಮುದ್ರಿಸಿ ನೋಡಿ. ಯಾವ ಸೂತ್ರಕ್ಕಿಂತಲೂ ಅದು ನಂಬಿಕಸ್ಥ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮೆರಾದಿಂದ ಬಂದ ಮೂಲ ಕಡತವನ್ನು ಕತ್ತರಿಸದೆ, ಕುಗ್ಗಿಸದೆ, ಎರಡು ಕಡೆ ಉಳಿಸಿಡಿ. ಒಮ್ಮೆ ಕಳೆದುಕೊಂಡ ವಿವರವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು, ಅದರ ಜಾಗದಲ್ಲಿ ತನ್ನ ಅಂದಾಜನ್ನು ಇಡಬಲ್ಲದು, ಅಷ್ಟೇ.